ಗುಡ್ಡಕ್ಕೆ ಹೋಗದ ಕಲ್ಲು

ತಂಗಿ ನನ್ನನ್ನು ಕೇಳಿದ್ದು ಒಂದು ಕಲ್ಲು. ಅದನ್ನು ನಾನು ತಂದುಕೊಡಲಿಲ್ಲ. ಬೇರೆ ಕಲ್ಲು ಕಳಿಸಿದೆ, ಅದರ ಜೊತೆಗೆ ಸುಳ್ಳನ್ನೂ ಕಳಿಸಿದೆ. ಕಲ್ಲಿನ ಊರು ಶಹಾಬಾದಿನಲ್ಲಿ ಹುಟ್ಟಿ, ಮೀಸೆ ಮೂಡುವ ಮೊದಲಿನಿಂದಲೂ ಕಲ್ಲು ಉಜ್ಜುತ್ತ ಬಂದವನು ನಾನು. ನನ್ನ ಕೈ ದಾಟಿ ಹೋದ ಹಾಸುಗಲ್ಲಿನ ಮೇಲೆ ಎಷ್ಟು ಮನೆಗಳ ಜನ ಉಂಡು ಮಲಗುತ್ತಾರೋ. ಆದರೆ ಸ್ವಂತ ತಂಗಿ ಬಾಯಿಬಿಟ್ಟು ಕೇಳಿದ, ಅಂಗೈಯಲ್ಲಿ ಹಿಡಿಯುವಷ್ಟು ಒಂದು ಕಲ್ಲನ್ನು ತರುವುದು ನನ್ನಿಂದ ಆಗಲಿಲ್ಲ.

ನಾನು ಓದಿದ್ದು ಐದನೇ ಇಯತ್ತೆ. ಬರೆಯುವ ರೂಢಿ ಇಲ್ಲ. ಮಗಳ ಹಳೆಯ ನೋಟುಪುಸ್ತಕದಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ತಪ್ಪಿದ್ದಲ್ಲಿ ಆಕೆ ತಿದ್ದಿಕೊಡುತ್ತೇನೆ ಎಂದಿದ್ದಾಳೆ. ಅಕ್ಷರ ತಿದ್ದಬಹುದು.

ತಂಗಿ ನನಗಿಂತ ಏಳು ವರ್ಷಕ್ಕೆ ಚಿಕ್ಕವಳು. ಅಪ್ಪನೂ ಪಾಲಿಶ್ ಮಷಿನಿನ ಮೇಲೆಯೇ ದುಡಿದವನು. ಅವನ ಎದೆಯಲ್ಲಿ ಧೂಳು ಕೂತು ಕೆಲಸ ಬಿಟ್ಟ ಮೇಲೆ ಆ ಮಷಿನಿಗೆ ನಾನು ನಿಂತೆ, ಶಾಲೆಗೆ ಆಕೆ ಹೋದಳು. ಶಾಲೆ ಬಿಟ್ಟು ಬಂದವಳು ನೇರ ಕಲ್ಲಿನ ಅಡ್ಡೆಗೆ ಬರುತ್ತಿದ್ದಳು. ಪಾಟೀಚೀಲ ಕೆಳಗಿಟ್ಟು, ನಾನು ಉಜ್ಜಿ ಮುಗಿಸಿದ ಕಲ್ಲಿನ ಮೇಲಿನ ರಾಡಿಯನ್ನು ಹಳೆಯ ಅರಿವೆಯಿಂದ ಒರೆಸುತ್ತಿದ್ದಳು. ಒರೆಸಿದಂತೆ ಕಲ್ಲಿನ ನಿಜವಾದ ಬಣ್ಣ ಎದ್ದು ಬರುವುದನ್ನು ನೋಡುವುದು ಅವಳಿಗೆ ಭಾಳ ಇಷ್ಟ. ಆಮೇಲೆ ಕಲಬುರಗಿಯಲ್ಲಿ ನರ್ಸಿಂಗ್ ಓದಿದಳು. ನಾಲ್ಕು ವರ್ಷದ ಹಿಂದೆ ದೂರ ದೇಶಕ್ಕೆ ಹೋದಳು.

ಆಕೆ ಇದ್ದದ್ದು ಇಂಗ್ಲೆಂಡ್ ಮತ್ತು ವೇಲ್ಸ್ ಅನ್ನುವ ಎರಡು ಸೀಮೆ ಕೂಡುವ ಗಡಿಯ ಒಂದು ಸಣ್ಣ ಊರಿನಲ್ಲಿ. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನರ್ಸು. ಹೋದ ಹೊಸದರಲ್ಲಿ ಫೋನಿನಲ್ಲಿ ಮುಖ ತೋರಿಸುವಾಗೆಲ್ಲ ಅಳುವುದೇ ಆಗುತ್ತಿತ್ತು. ಒಂದು ಭಾನುವಾರ ನಗುತ್ತ ಫೋನ್ ಮಾಡಿದಳು. ಕೋಣೆಯ ಕಿಟಕಿಗೆ ಫೋನು ತಿರುಗಿಸಿ, "ಅಣ್ಣ, ನೋಡಿಲ್ಲಿ. ನಮ್ಮ ಗುಡ್ಡ ನನ್ನ ಬೆನ್ನಹಿಂದ ಬಂದು ಇಲ್ಲಿ ಕುಂತದ" ಅಂದಳು.

ನೋಡಿದೆ. ಕಿಟಕಿಯ ಆಚೆ ಮನೆಗಳ ಮೇಲೆ ಎದ್ದು ನಿಂತ ಗುಡ್ಡ. ಸುತ್ತಲಿನ ಸಣ್ಣ ದಿಬ್ಬಗಳೆಲ್ಲ ಅದರ ಮುಂದೆ ಕೈಕಟ್ಟಿ ಕೂತ ಹಾಗೆ. ನೆತ್ತಿ ಚೂಪಾಗಿಲ್ಲ, ರೊಟ್ಟಿ ಬಡಿಯುವ ಕಲ್ಲಿನ ಹಾಗೆ ಸಪಾಟು. ಗಿಡವಿಲ್ಲ, ಬರೀ ಹುಲ್ಲು, ಹುಲ್ಲಿನಲ್ಲಿ ಬಿಳಿ ಚುಕ್ಕಿಗಳ ಹಾಗೆ ಕುರಿ. ಆ ಗುಡ್ಡಕ್ಕೊಂದು ಹೆಸರಿದೆ. ಆಕೆ ನಾಲ್ಕು ಸಲ ಹೇಳಿಕೊಟ್ಟರೂ ನನ್ನ ನಾಲಿಗೆಗೆ ಹತ್ತಲಿಲ್ಲ. ಗುಡ್ಡ ದಾಟಿದರೆ ಆ ಕಡೆಯ ಊರುಗಳಲ್ಲಿ ಬೇರೆ ಭಾಷೆಯ ಬೋರ್ಡುಗಳಂತೆ. ಮತ್ತೆ ಅದರ ನೆತ್ತಿಯ ಮೇಲೆ ಕಲ್ಲಿನ ಒಂದು ಗುಪ್ಪೆ ಇದೆಯಂತೆ. ಯಾರು ಏರಿದರೂ ಕೆಳಗಿನಿಂದ ಒಂದು ಕಲ್ಲು ಒಯ್ದು ಅದರ ಮೇಲೆ ಇಟ್ಟು ಬರುತ್ತಾರಂತೆ. ನಮ್ಮ ಗುಡ್ಡವೂ ಹಾಗೆಯೇ.

ನಮ್ಮದು ಅಂದರೆ ಅವ್ವನ ತವರಿನದು. ಚಿಂಚೋಳಿ ದಾಟಿ ಚಂದ್ರಂಪಳ್ಳಿ ಕೆರೆಯ ಆಚೆ, ಅಡವಿ ಶುರುವಾಗುವಲ್ಲಿ ಆ ಊರು. ಊರಿನ ಹಿಂದೆಯೇ ಗುಡ್ಡ. ನಾವು ಅದನ್ನು ದೊಡ್ಡ ಗುಡ್ಡ ಅನ್ನುತ್ತಿದ್ದೆವು. ನೆತ್ತಿಯ ಮೇಲೆ ನಿಂತರೆ ಆ ಕಡೆ ಕಾಣುವುದು ತೆಲಂಗಾಣ. ಪಂಚಮಿಗೆ ಅವ್ವ ತವರಿಗೆ ಹೋಗುವಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದಳು. ಹಬ್ಬದ ಮರುದಿನ ಗುಡ್ಡ ಏರುವುದು.

ಅದಕ್ಕೊಂದು ಕ್ರಮ ಇತ್ತು. ಗುಡ್ಡದ ಬುಡದಲ್ಲಿ ಹಳ್ಳ ಹರಿಯುತ್ತದೆ. ಅದರಲ್ಲಿ ಇಳಿದು, ನೀರೊಳಗಿನ ಒಂದು ಕಲ್ಲನ್ನು ಆರಿಸಿಕೊಳ್ಳಬೇಕು. ಕೆಂಪು ಬೆರೆತ ಕಪ್ಪು ಕಲ್ಲು. ಅದನ್ನು ಕೈಯಲ್ಲೇ ಹಿಡಿದು ಏರಬೇಕು. ಉಡಿಯಲ್ಲಿ ಕಟ್ಟುವ ಹಾಗಿಲ್ಲ, ದಾರಿಯಲ್ಲಿ ಎಲ್ಲಿಯೂ ಕೆಳಗಿಡುವ ಹಾಗಿಲ್ಲ. ಇಟ್ಟರೆ ಅದು ಆ ಜಾಗದ ಕಲ್ಲಾಗಿಬಿಡುತ್ತದೆ. ಮತ್ತೆ ಇಳಿದು ಹಳ್ಳದಿಂದ ಹೊಸದು ತರಬೇಕು. ಮೇಲೆ ಗುಪ್ಪೆಯ ಮೇಲೆ ಇಡುವಾಗ ಇದು ಯಾರದು ಎಂದು ಬಾಯಿಬಿಟ್ಟು ಹೇಳಬೇಕು. ಬರಲಾಗದವರ ಕಲ್ಲನ್ನು ಅವರ ಪರವಾಗಿ ಯಾರಾದರೂ ಒಯ್ಯಬಹುದು. ಅವ್ವ ಎರಡು ಕೈಯಲ್ಲಿ ಎರಡು ಕಲ್ಲು ಹಿಡಿಯುತ್ತಿದ್ದಳು, ಒಂದು ತನ್ನದು, ಒಂದು ಅಪ್ಪನದು. ನಮ್ಮ ಕಲ್ಲು ನಾವೇ ಹೊರಬೇಕು.

ಒಂದು ವರ್ಷ ತಂಗಿಯ ಕಾಲಿಗೆ ಜಾಲಿಮುಳ್ಳು ನೆಟ್ಟಿತು. ಆಗ ಅವಳಿಗೆ ಐದೋ ಆರೋ. ಅವ್ವ ಮುಂದೆ ಹೋಗಿದ್ದಳು. ಮುಳ್ಳು ಕೀಳುವ ಅವಸರದಲ್ಲಿ ತಂಗಿ ಕಲ್ಲನ್ನು ನೆಲಕ್ಕಿಟ್ಟಳು. ಇಟ್ಟ ಮೇಲೆ ಗೊತ್ತಾಯಿತು. ಮುಳ್ಳಿಗೆ ಅಳದವಳು ಆಗ ಅಳಲು ಶುರು ಮಾಡಿದಳು. ನಾನು ನನ್ನ ಕಲ್ಲನ್ನು ಅವಳ ಕೈಗಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿ, ಗುಡ್ಡ ಇಳಿದು ಹಳ್ಳಕ್ಕೆ ಓಡಿದೆ. ಹೊಸ ಕಲ್ಲು ಹಿಡಿದು ಮತ್ತೆ ಅವಳಿದ್ದಲ್ಲಿಗೆ ಏರುವ ತನಕ ಓಡಿದೆ. ಮೇಲೆ ಅವ್ವ ಯಾಕೆ ತಡ ಎಂದು ಕೇಳಿದಳು. ಚಪ್ಪಲಿಯ ಉಂಗುಷ್ಟ ಕಿತ್ತಿತ್ತು ಎಂದೆ. ಅವ್ವ ನನ್ನ ಕಾಲು ನೋಡಿದಳು. ನನ್ನ ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ.

ಆಗ ಹಾಗೆ ಓಡಿದವನು ನಾನೇ.

ಅವ್ವನ ಕೊನೆಯ ವರ್ಷದಲ್ಲಿ ಅವಳ ಮಂಡಿ ಹಿಡಿದುಬಿಟ್ಟಿದ್ದವು. ಆದರೂ ನನ್ನ ಮುಂದೆ ಒಂದು ಸಲ ಅಂದಳು, "ಒಂದ್ಸಲ ಗುಡ್ಡದ ಕಡೆ ಕರಕೊಂಡು ಹೋಗೋ. ಮ್ಯಾಲ ಏರಂಗಿಲ್ಲ, ಹಳ್ಳದ ತನ ಸಾಕು." ದೀಪಾವಳಿ ಆಗಲಿ ಎಂದೆ. ದೀಪಾವಳಿ ಆದ ಮೇಲೆ ಚಳಿ ಹೋಗಲಿ ಎಂದೆ. ಚಳಿ ಹೋಗುವುದರೊಳಗೆ ಅವ್ವನೇ ಹೋದಳು. ತಂಗಿಗೆ ಬರಲು ಆಗಲಿಲ್ಲ. ನಾವು ಮಣ್ಣು ಮಾಡಿ ಬಂದ ಮೇಲೆ ಫೋನಿನಲ್ಲಿ ಆಕೆ, ಅವ್ವನಿಗೆ ಯಾವ ಸೀರೆ ಉಡಿಸಿದಿರಿ ಎಂದು ಕೇಳಿದಳು. ಹಿಂದೆ ಕಿಟಕಿಯಲ್ಲಿ ಆ ಗುಡ್ಡ ಇತ್ತು.

ಮರುವರ್ಷ ಬೇಸಿಗೆಯಲ್ಲಿ ಆಕೆ ಕಲ್ಲು ಕೇಳಿದಳು. ಅವಳ ಜೊತೆಗೆ ಕೆಲಸ ಮಾಡುವ, ನಮ್ಮ ಪಕ್ಕದ ವಾಡಿ ಊರಿನ ಹುಡುಗಿಯೊಬ್ಬಳು ರಜೆಗೆ ಬಂದಿದ್ದಳು. ಅವಳು ಭಾನುವಾರ ಹೈದರಾಬಾದಿನಿಂದ ವಿಮಾನ ಹತ್ತುವವಳು. ಅಷ್ಟರಲ್ಲಿ ಅವಳ ಕೈಗೆ ತಲುಪಿಸಬೇಕು. "ಅವ್ವ ಹಳ್ಳದಾಗ ಇಳೀತಿದ್ದ ಜಾಗದಾಗಿಂದ ಒಂದ ಕಲ್ಲು ತಂದು ಕೊಡು ಅಣ್ಣ. ಅವ್ವನ ಹೆಸರಿಲೆ ಈ ಗುಡ್ಡದ ಮ್ಯಾಲ ನಾ ಇಡ್ತೀನಿ. ಮಣ್ಣಿಗಂತೂ ಬರ್ಲಿಕ್ಕ ಆಗಲಿಲ್ಲ, ಇಷ್ಟರೆ ಮಾಡ್ತೀನಿ" ಅಂದಳು. ಆಗಲಿ, ಅದೇನು ದೊಡ್ಡದು ಎಂದೆ.

ಶುಕ್ರವಾರ ರಜೆ ಹಾಕಿ ಹೊರಟೆ. ಚಿತ್ತಾಪುರದ ಮೇಲೆ ಸೇಡಂ ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಚಿಂಚೋಳಿಯ ಬಸ್ಸು ನಿಂತಿತ್ತು. ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದು, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತ ನಿಂತೆ. ತಿನ್ನುವಾಗ ತಲೆಯಲ್ಲಿ ಏನೇನೋ ಎದ್ದವು. ಆಕೆ ಅಲ್ಲಿ ಕೂತು ಹೇಳುತ್ತಾಳೆ, ಇಲ್ಲಿ ಬಿಸಿಲಲ್ಲಿ ಅಲೆಯುವವನು ನಾನು ಅನಿಸಿತು. ಆಕೆಗೆ ಶಾಲೆ, ನನಗೆ ಮಷಿನು ಅನಿಸಿತು. ಹಿಂದೆಂದೂ ಬಾಯಿಗೆ ಬಾರದ ಮಾತುಗಳು. ಅದರ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನು ಈಗ ಬರೆಯುತ್ತೇನೆ. ಅವ್ವನನ್ನು ಕರೆದೊಯ್ಯದ ಹಳ್ಳಕ್ಕೆ ನಾನೊಬ್ಬನೇ ಹೇಗೆ ಹೋಗಿ ನಿಲ್ಲಲಿ ಎಂದು ಹೆದರಿಕೆ.

ಬಸ್ಸು ಹಾರ್ನ್ ಹೊಡೆಯಿತು. ಹಿಂದಕ್ಕೆ ಸರಿದು ತಿರುಗಿತು. ನನ್ನ ಕೈಯಲ್ಲಿ ಇನ್ನೂ ಅರ್ಧ ಭಜಿ ಇತ್ತು. ಗೇಟಿನ ಹತ್ತಿರ ಅದು ನಿಧಾನ ಮಾಡಿತು, ಯಾರೋ ಹೆಂಗಸು ಕೂಸು ಎತ್ತಿಕೊಂಡು ಹತ್ತಿದಳು. ನಾಲ್ಕು ಹೆಜ್ಜೆ ಓಡಿದ್ದರೆ ನಾನೂ ಹತ್ತುತ್ತಿದ್ದೆ. ಓಡಲಿಲ್ಲ. ನನ್ನ ಟವೆಲ್ ಚಿಂಚೋಳಿಗೆ ಹೋಯಿತು. ನಾನು ಇನ್ನೊಂದು ಪ್ಲೇಟು ಹೇಳಿದೆ.

ಮನೆಗೆ ಬಂದಾಗ ಹೆಂಡತಿ ಕಲ್ಲು ಎಲ್ಲಿ ಎಂದು ಕೇಳಿದಳು. ಬಸ್ಸು ಸಿಗಲಿಲ್ಲ ಎಂದೆ. ನನ್ನ ಅಂಗಿಯ ಮೇಲಿನ ಎಣ್ಣೆಯ ಕಲೆ ನೋಡಿದಳು. "ಸೇಡಮಿಗಿ ಹೋಗಿ ಭಜಿ ತಿಂದು ಬಂದ್ರಿ. ಗುಡ್ಡ ತಾನೇ ನಡಕೊಂಡು ಬರ್ತದೇನ್ರಿ ನಿಮ್ಮ ಬಲ್ಲಿ?" ಅಂದು ಒಳಗೆ ಹೋದಳು.

ಶನಿವಾರ ಇನ್ನೂ ಇತ್ತು. ಮತ್ತೆ ಹೋಗಬಹುದಿತ್ತು. ನಾನು ಅಡ್ಡೆಗೆ ಹೋದೆ. ಒಡೆದು ಬಿಸಾಡಿದ ಚೂರುಗಳಲ್ಲಿ ಎಲ್ಲಕ್ಕಿಂತ ಕಪ್ಪಾದುದನ್ನು ಹುಡುಕಿದೆ. ಮಷಿನಿಗೆ ಹಿಡಿದು ಮೂಲೆಗಳನ್ನು ತಿಂದುಹಾಕಿ, ನೀರು ಬಿಟ್ಟು ಉಜ್ಜಿ, ಹಳ್ಳದ ನೀರು ನೂರು ವರ್ಷ ಸವೆಸಿದ ಹಾಗೆ ಗುಂಡಗೆ ಮಾಡಿದೆ. ಆಮೇಲೆ ಕೆಮ್ಮಣ್ಣು ಕಲಸಿ ಬಳಿದು ಬಿಸಿಲಿಗಿಟ್ಟೆ. ಅಷ್ಟು ಜತನದಿಂದ ನಾನು ಯಾರ ಮನೆಯ ಕಲ್ಲನ್ನೂ ಮಾಡಿರಲಿಲ್ಲ. ಮುಗಿದ ಮೇಲೆ ಕೈಯಲ್ಲಿ ಹಿಡಿದು ನೋಡಿ, ಒಂದು ಗಳಿಗೆ ಹೆಮ್ಮೆಯೂ ಆಯಿತು. ಅದನ್ನು ಬರೆಯಲು ಈಗ ನಾಚಿಕೆ.

ವಾಡಿಯಲ್ಲಿ ಆ ಹುಡುಗಿಯ ಮನೆ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮುಸಲ್ಮಾನರ ಮನೆ. ಹುಡುಗಿಯ ತಾಯಿ ಚಹಾ ಕೊಟ್ಟು, ನಾನು ಕಾಗದ ಬಿಚ್ಚಿದ್ದನ್ನು ನೋಡಿ ನಕ್ಕಳು. "ಎಲ್ಲಾರೂ ಉಪ್ಪಿನಕಾಯಿ, ಶೇಂಗಾ ಚಟ್ನಿ ಕಳಸ್ತಾರ. ನೀವೇನ್ರೀ ಭಾಯಿ, ಶಹಾಬಾದದವರು ಅಂತ ಕಲ್ಲೇ ಕಳಸ್ಲಿಕತ್ತೀರಿ?" ಅಂದಳು.

ಆಗ ನಿಜ ಹೇಳಬಹುದಿತ್ತು. ತಮಾಷೆಯ ನಡುವೆ ಹೇಳಿಬಿಡಬಹುದಿತ್ತು. ನಾನು, ಇದು ನಮ್ಮ ಅವ್ವನ ತವರಿನ ಹಳ್ಳದ ಕಲ್ಲು ಎಂದೆ. ಆಕೆಯ ನಗು ನಿಂತಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಕಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು. ಒಳಗಿನಿಂದ ಒಗೆದ ಓಢಣಿಯೊಂದನ್ನು ತಂದು ಸುತ್ತಿ, ಮಗಳ ಬಟ್ಟೆಗಳ ನಡುವೆ ಇಟ್ಟಳು. ಆ ತಾಯಿಯ ಹಣೆಗೆ ಕೆಮ್ಮಣ್ಣಿನ ಸಣ್ಣ ಗುರುತು ಹತ್ತಿತ್ತು.

ಕಲ್ಲು ತಲುಪಿದ ದಿನ ತಂಗಿ ಫೋನ್ ಮಾಡಿದಳು. ಓಢಣಿ ಬಿಚ್ಚಿ ನನ್ನ ಎದುರಿಗೇ ತೆಗೆದಳು. ಬೆರಳಲ್ಲಿ ತಿರುಗಿಸುತ್ತ ತಿರುಗಿಸುತ್ತ ಅವಳ ಹೆಬ್ಬೆರಳು ಒಂದು ಕಡೆ ನಿಂತಿತು. ಅಲ್ಲೇ ಹಿಂದಕ್ಕೂ ಮುಂದಕ್ಕೂ ಸವರಿತು.

"ಹಳ್ಳದಾಗ ನೀರ ಇತ್ತೇನಣ್ಣ?"

"ಇತ್ತು. ಪಾದ ಮುಳುಗೋಷ್ಟು" ಎಂದೆ.

ಹೌದಾ, ಅಂದಳು. ಆಮೇಲೆ ಮಗಳ ಪರೀಕ್ಷೆಯ ಬಗ್ಗೆ ಕೇಳಿದಳು. ಫೋನ್ ಇಟ್ಟ ಮೇಲೆ ನೆನಪಾಯಿತು, ಅದು ಬೇಸಿಗೆಯ ನಡು. ಆ ಹಳ್ಳ ಹೋಳಿ ಹುಣ್ಣಿಮೆಗೇ ಬತ್ತುತ್ತದೆ. ಅದು ಅವಳಿಗೂ ಗೊತ್ತು.

ಆ ಭಾನುವಾರವೇ ಗುಡ್ಡ ಏರುತ್ತೇನೆ ಎಂದಿದ್ದವಳು ಏರಲಿಲ್ಲ. ಮಂಜು ಎಂದಳು. ಮುಂದಿನ ವಾರ ಡ್ಯೂಟಿ ಎಂದಳು. ಮಳೆಗಾಲ ಕಳೆಯಿತು, ದೀಪಾವಳಿ ಬಂತು, ಅಲ್ಲಿ ಹಿಮ ಬಿತ್ತು. ಕಲ್ಲು ಅವಳ ಕಿಟಕಿಯ ಕಟ್ಟೆಯ ಮೇಲೆಯೇ ಇತ್ತು. ಪ್ರತಿ ಭಾನುವಾರ ಫೋನಿನಲ್ಲಿ ನನಗೆ ಕಾಣುವುದು ಅದೇ: ಮುಂದೆ ತಂಗಿಯ ಮುಖ, ಭುಜದ ಹಿಂದೆ ಆ ಕಲ್ಲು, ಕಲ್ಲಿನ ಹಿಂದೆ ಗಾಜು, ಗಾಜಿನಾಚೆ ಗುಡ್ಡ. ಕಲ್ಲನ್ನು ತೊಳೆದಿದ್ದಳು ಅಂತ ಕಾಣುತ್ತದೆ, ಕೆಂಪು ಇರಲಿಲ್ಲ. ಒಂದು ವಾರ ಗುಡ್ಡ ಹಸಿರು, ಒಂದು ವಾರ ಕಂದು, ಆಮೇಲೆ ಬಿಳಿ. ಎಷ್ಟೋ ಸಲ ಆಕೆ ನನ್ನ ಜೊತೆ ಮಾತಾಡುತ್ತಲೇ ತಲೆ ತಿರುಗಿಸಿ ಆ ಕಡೆ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಅವ್ವನ ಕಲ್ಲು ಎಲ್ಲಿಯೂ ಇರಲಿಲ್ಲ, ಆ ಗುಡ್ಡದ ಮೇಲೂ ಇಲ್ಲ, ಈ ಗುಡ್ಡದ ಮೇಲೂ ಇಲ್ಲ. ಆಕೆಗೆ ಗೊತ್ತಾಗಿದೆಯೋ ಇಲ್ಲವೋ ಎಂದು ನಾನು, ನಾನು ಹೇಳುತ್ತೇನೋ ಇಲ್ಲವೋ ಎಂದು ಬಹುಶಃ ಆಕೆ. ಹೀಗೆ ಹತ್ತು ತಿಂಗಳು.

ಹೋದ ತಿಂಗಳು ಆಕೆ ಅಂದಳು, "ನನಗ ಬ್ಯಾರೆ ಊರಿಗಿ ಹಾಕ್ಯಾರ ಅಣ್ಣ. ಸಮುದ್ರದ ಕಡೆ ಅಂತ. ಈ ತಿಂಗಳು ಮುಗದ್ರ ಇನ್ನ ಗುಡ್ಡ ಕಾಣಂಗಿಲ್ಲ."

ಹಾಗಾದರೆ ಕಲ್ಲು, ಎಂದು ಕೇಳಿದೆ. ಕೇಳಬಾರದಿತ್ತು.

"ನೋಡೂಣು" ಅಂದಳು. ಅಷ್ಟೇ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಹೆಂಡತಿ ಬುತ್ತಿ ಕಟ್ಟಿದಳು, ಹೊಸ ಟವೆಲ್ ಹೆಗಲಿಗೆ ಹಾಕಿದಳು. "ಇದನ್ನ ಮೈಮ್ಯಾಲೇ ಇಟ್ಕೋರಿ" ಅಂದಳು. ಸೇಡಮಿನಲ್ಲಿ ನಾನು ಬಸ್ಸಿನಿಂದ ಇಳಿದು ನೇರ ಇನ್ನೊಂದು ಬಸ್ಸಿಗೆ ಹತ್ತಿ ಕೂತೆ.

ಹಳ್ಳದಲ್ಲಿ ಸ್ವಲ್ಪ ನೀರಿತ್ತು. ಅಲ್ಲಲ್ಲಿ ನಿಂತ ನೀರು, ನಡುವೆ ತೆಳ್ಳಗೆ ಹರಿವು. ಅವ್ವ ಸೀರೆಯ ಅಂಚು ಎತ್ತಿ ಕಟ್ಟಿ ಇಳಿಯುತ್ತಿದ್ದ ಬಂಡೆ ಹಾಗೆಯೇ ಇತ್ತು. ಅದರ ಮೇಲೆ ಕೂತೆ. ಹತ್ತು ನಿಮಿಷ ಕೂತಿರಬೇಕು. ಅವ್ವ ಇಲ್ಲಿಯ ತನಕ ಸಾಕು ಎಂದಿದ್ದಳು. ಬಂಡೆಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒಂದು ಕಲ್ಲು ಇತ್ತು, ಕಪ್ಪು, ಒಂದು ಮಗ್ಗುಲಿಗೆ ಕೆಂಪು. ಮುಂಗೈ ಮುಳುಗಿಸಿ ತೆಗೆದೆ. ನಾನು ಉಜ್ಜಿ ಕಳಿಸಿದ ಕಲ್ಲಿನಷ್ಟು ಗುಂಡಗಿರಲಿಲ್ಲ.

ಏರುವುದು ನನಗೆ ಈಗ ಸುಲಭವಲ್ಲ. ಅಪ್ಪನ ಎದೆಯಲ್ಲಿದ್ದ ಧೂಳು ನನ್ನ ಎದೆಯಲ್ಲೂ ಇದೆ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಕೆಮ್ಮಿದೆ. ಕೆಮ್ಮುವಾಗ ಕಲ್ಲನ್ನು ಹೊಟ್ಟೆಗೆ ಒತ್ತಿ ಹಿಡಿದೆ, ಕೆಳಗಿಡಲಿಲ್ಲ. ಬೆವರು ಒರೆಸಲು ಕೈ ಬದಲಿಸಿದೆ, ಕೆಳಗಿಡಲಿಲ್ಲ. ಮುಳ್ಳು ನೆಟ್ಟ ಜಾಗ ಇದೇ ಇರಬೇಕು ಅನಿಸಿದಲ್ಲಿ ಸುಮ್ಮನೆ ನೆಲ ನೋಡಿದೆ. ಅಲ್ಲಿ ಎಲ್ಲೋ ತಂಗಿ ಇಟ್ಟ ಕಲ್ಲು ಇರುತ್ತದೆ, ಅದು ಈಗ ಆ ಜಾಗದ್ದು.

ನೆತ್ತಿಯಲ್ಲಿ ಗಾಳಿ. ಗುಪ್ಪೆ ನನ್ನ ನೆನಪಿಗಿಂತ ಸಣ್ಣದಾಗಿತ್ತು, ಅಥವಾ ನಾನು ದೊಡ್ಡವನಾಗಿದ್ದೆ. ಆ ಕಡೆ ತೆಲಂಗಾಣದ ಹೊಲಗಳು. ಕಲ್ಲು ಇಡಲು ಕೈ ಮುಂದೆ ಮಾಡಿದೆ. ಯಾರದು ಎಂದು ಹೇಳಬೇಕಲ್ಲ. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ. ಅವ್ವನ ಕಲ್ಲು ಎಂದು ಒಮ್ಮೆ ವಾಡಿಯಲ್ಲಿ ಸುಳ್ಳು ಹೇಳಿದ ಬಾಯಿ ಅದು. ಅದನ್ನು ತೊಳೆಯದೆ ಮತ್ತೆ ಅದೇ ಮಾತು ಹೇಗೆ ಆಡಲಿ? ಎಡಗೈಯಲ್ಲಿ ಫೋನ್ ತೆಗೆದೆ. ಆ ಕಡೆಯ ಟವರಿನಿಂದ ಸಿಗ್ನಲ್ ಸಿಕ್ಕಿತು. ನನಗೆ ಮಧ್ಯಾಹ್ನ, ಅವಳಿಗೆ ಬೆಳಿಗ್ಗೆ. ಡ್ಯೂಟಿಗೆ ಹೊರಡುವವಳು, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡಿದ್ದಳು.

"ಎಲ್ಲಿದ್ದಿ ಅಣ್ಣ? ಗಾಳಿ ಸಪ್ಪಳ ಭಾಳ ಬರ್ಲಿಕತ್ತದ."

ನಾನು ಫೋನನ್ನು ಗುಪ್ಪೆಯ ಕಡೆ ತಿರುಗಿಸಿದೆ. ಆಮೇಲೆ ಕೆಳಗಿನ ಊರಿನ ಕಡೆ, ಕೆರೆಯ ನೀರು ಹೊಳೆಯುವ ಕಡೆ. ಮತ್ತೆ ನನ್ನ ಕಡೆ ತಿರುಗಿಸಿದಾಗ ಅವಳು ಟವೆಲ್ ಬಿಚ್ಚಿ ಕಣ್ಣಿಗೆ ಹಿಡಿದಿದ್ದಳು.

"ಕೈಯಾಗ ಏನ್ ಹಿಡದಿ?" ಅಂದಳು.

"ಹಳ್ಳದ ಕಲ್ಲು. ಅವತ್ತು ಕಳಸಿದ್ದು ಹಳ್ಳದ್ದಲ್ಲ ತಂಗಿ. ಅಡ್ಡೆದು."

"ಗೊತ್ತದ. ಒಂದ ಕಡೆ ಅಂಚು ಮುರದಿದ್ದಿ ನೋಡು, ಪಾವಟಿಗಿ ಕಲ್ಲಿಗಿ ಮುರೀತಿದ್ದೆಲ್ಲಾ, ಹಂಗ. ನಿನ್ನ ಕೈ ನನಗ ಗುರುತ ಸಿಗಂಗಿಲ್ಲೇನು?"

ರೂಢಿಯ ಕೈ. ಅಷ್ಟು ಜತನದಿಂದ ಮಾಡಿ, ಕೊನೆಗೆ ಮೆಟ್ಟಿಲ ಕಲ್ಲಿಗೆ ಮಾಡುವ ಹಾಗೆ ಒಂದು ಕಡೆ ಅಂಚನ್ನು ಓರೆಗೆ ಉಜ್ಜಿಬಿಟ್ಟಿದ್ದೆ, ನನಗೇ ತಿಳಿಯದೆ.

ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಮುಳ್ಳು ನಟ್ಟಾಗ ನಾ ಕಲ್ಲು ಕೆಳಗಿಟ್ಟಿದ್ದು ನೀ ಅವ್ವಗ ಹೇಳಿದೇನು? ಸುಮ್ಮ ಇದ್ದಿ. ನಾನೂ ಹಂಗೇ ಇದ್ದೆ." ತಿರುಗಿ ಕಿಟಕಿಯ ಕಟ್ಟೆಯ ಮೇಲಿನ ಕಲ್ಲು ಮುಟ್ಟಿದಳು. "ಖರೆ, ಇದನ್ನ ಒಯ್ದು ಅವ್ವಂದು ಅಂತ ಇಡ್ಲಿಕ್ಕ ಮನಸ್ಸು ಬರಲಿಲ್ಲ. ಇದು ನನ್ನ ಬಲ್ಲಿ ಇರ್ಲಿ. ನಮ್ಮ ಮನಿ ನೆಲದ ಕಲ್ಲು ಇದು."

ಅವಳ ಭುಜದ ಹಿಂದೆ ಕಲ್ಲು ಇತ್ತು. ಗಾಜಿನಾಚೆ ಆ ಗುಡ್ಡ, ಬೆಳಗಿನ ಬಿಸಿಲು ಅದರ ಒಂದು ಮಗ್ಗುಲಿಗೆ ಮಾತ್ರ ಬಿದ್ದಿತ್ತು. ಇನ್ನೊಂದು ಹತ್ತು ದಿನ ಕಳೆದರೆ ಅದನ್ನು ನಾವಿಬ್ಬರೂ ನೋಡುವುದಿಲ್ಲ. ಅದನ್ನು ನಾನು ಒಮ್ಮೆಯೂ ಮುಟ್ಟಲಿಲ್ಲ, ಅದರ ಹೆಸರು ನನ್ನ ಬಾಯಿಗೆ ಬರಲಿಲ್ಲ, ಆದರೂ ಊರು ಬಿಟ್ಟು ಹೋಗುವವರನ್ನು ನೋಡುವ ಹಾಗೆ ನೋಡಿದೆ.

"ಇಡು ಅಣ್ಣ. ನಾ ನೋಡ್ತೀನಿ" ಅಂದಳು.

ಫೋನನ್ನು ಅವಳಿಗೆ ಕಾಣುವ ಹಾಗೆ ಹಿಡಿದೆ. ಬಲಗೈಯ ಬೆರಳು ಸೆಟೆದುಕೊಂಡಿದ್ದವು, ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು. ಕಲ್ಲನ್ನು ಗುಪ್ಪೆಯ ಮೇಲೆ ಇಟ್ಟೆ, ಕೆಂಪು ಮಗ್ಗುಲು ಮೇಲೆ ಬರುವ ಹಾಗೆ. ನಮ್ಮವ್ವಂದು, ಎಂದೆ. ಆ ಕಡೆಯಿಂದ ಅವಳೂ ಅಂದಳು. ಆಮೇಲೆ ಹತ್ತು ತಿಂಗಳಿಂದ ಹೇಳದೆ ಉಳಿಸಿಕೊಂಡಿದ್ದನ್ನು, ಕೆಮ್ಮು ಬಂದರೂ ತಡೆಯದೆ, ಗಾಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಅವತ್ತು ಬಸ್ಸು ಎದುರಿಗೇ ಇತ್ತು ತಂಗಿ. ನಾನೇ ಓಡಲಿಲ್ಲ. ಅವ್ವ ಕೇಳಿದಾಗೂ ನಾ ಕರಕೊಂಡು ಬರಲಿಲ್ಲ. ತಪ್ಪಾಯ್ತು. ನಿನಗೂ, ಅವ್ವಗೂ, ಇಬ್ಬರಿಗೂ ನನ್ನಿಂದ ತಪ್ಪಾಯ್ತು."